ಗೂಟದ ಕಲ್ಲು

ಹೆಂಗಸಾಗಿ ತಿಗರಿ ತಿರುಗಿಸುವುದನ್ನು ಎಲ್ಲಿ ಕಲಿತೆ ಎಂದು ಈ ಬಳ್ಳಾರಿಯಲ್ಲಿ ನನ್ನನ್ನು ಕೇಳದವರಿಲ್ಲ. ಗಡಿಗೆ ಕೊಳ್ಳಲು ಬಂದವರು ಗಡಿಗೆಯನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತ ನಿಲ್ಲುತ್ತಾರೆ. ತಿಗರಿ ಎಂದರೆ ನಮ್ಮ ಕುಂಬಾರರ ಚಕ್ರ. ನಮ್ಮ ಮನೆತನದ ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಮಣ್ಣು ಹೊತ್ತು ತರಬಹುದು, ಕುಟ್ಟಬಹುದು, ಜರಡಿ ಹಿಡಿಯಬಹುದು, ತುಳಿಯಬಹುದು. ಗಂಡಸು ಇಳಿಸಿಕೊಟ್ಟ ಹಸಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆ ಬರಿಸಬಹುದು. ಸೊಂಟ ಬಿದ್ದುಹೋಗುವಷ್ಟು ಕಟ್ಟಿಗೆಯನ್ನು ಗಡಿಗೆ ಸುಡುವ ಆವಿಗೆಗೆ ಹೊರಬಹುದು. ಇಷ್ಟೆಲ್ಲ ಮಾಡಿದರೂ ಹಾಳಾಗದ ಮನೆ ತಿಗರಿಯ ಅಂಚಿಗೆ ಸೆರಗು ಸೋಕಿದರೆ ಮಾತ್ರ ಹಾಳಾಗಿಬಿಡುತ್ತದೆ! ಇದನ್ನು ಕೇಳಿದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ. ನಾನು ಹೇಳಿದ್ದನ್ನು ಪುಸ್ತಕದ ಮಾತಿಗೆ ತಿರುಗಿಸಿ ಬರೆದುಕೊಳ್ಳುತ್ತಿರುವ ಮೊಮ್ಮಗಳು ಇದೆಲ್ಲ ಯಾವ ಇಸವಿ ಎಂದು ಕೇಳುತ್ತಾಳೆ. ನನಗೇನು ಗೊತ್ತು? ರೂಪಾಯಿಯ ಮೇಲೆ ರಾಣಿಯ ಮುಖ ಇದ್ದ ಕಾಲ. ಬಳ್ಳಾರಿಗೆ ರೈಲು ಬಂದು ಹಳತಾಗಿತ್ತು, ನಾವು ಮಾತ್ರ ಇನ್ನೂ ಎತ್ತಿನ ಗಾಡಿಯಲ್ಲೇ ಊರೂರು ಸುತ್ತುತ್ತಿದ್ದೆವು.

ಸುತ್ತಿಸಿದವನು ನಮ್ಮಪ್ಪ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅಜ್ಜಿ, ಅಂದರೆ ಅವನನ್ನು ಹೆತ್ತವಳೇ, ಹೇಳುತ್ತಿದ್ದಳು. ಕೈ ಮಾತ್ರ ಬಂಗಾರ. ಸಿಟ್ಟು ಮೂಗಿನ ತುದಿಯಲ್ಲಿ. ಒಂದು ಮಾತು ಹೆಚ್ಚುಕಡಿಮೆಯಾದರೆ ತಿಗರಿಯನ್ನು ಎತ್ತಿ ಗೋಡೆಗೆ ಒರಗಿಸಿ, ಅದರ ಕೆಳಗಿನ ಗೂಟದ ಕಲ್ಲನ್ನು ಅಗೆಯಲು ಶುರುಮಾಡುತ್ತಿದ್ದ. ನೆಲದಲ್ಲಿ ಹೂತ ಆ ದಪ್ಪ ಕಲ್ಲಿನ ನಡುವೆ ಗಟ್ಟಿ ಮರದ ಗೂಟ ನಿಂತಿರುತ್ತದೆ. ತಿಗರಿ ತಿರುಗುವುದು ಅದರ ತುದಿಯ ಮೇಲೆ. ಕಲ್ಲು ಕೂದಲೆಳೆಯಷ್ಟು ಅಲ್ಲಾಡಿದರೂ ಗಡಿಗೆಯ ಬಾಯಿ ಸೊಟ್ಟಗಾಗುತ್ತದೆ. ಬೇರೆ ಮಕ್ಕಳಿಗೆ ಮನೆ ಎಂದರೆ ಬಾಗಿಲು, ತೊಟ್ಟಿಲು, ಅಡುಗೆಯ ಮೂಲೆ. ನನಗೆ ಮನೆ ಎಂದರೆ ಆ ಕಲ್ಲು. ಅದು ನೆಲದೊಳಗಿದ್ದರೆ ಮನೆಯಲ್ಲಿದ್ದೇವೆ, ಗಾಡಿಯ ಮೇಲಿದ್ದರೆ ದಾರಿಯಲ್ಲಿದ್ದೇವೆ. ನಿಜ ಹೇಳಬೇಕೆಂದರೆ ನನಗೆ ದಾರಿಯೇ ಹೆಚ್ಚು ಇಷ್ಟವಾಗಿತ್ತು. ಹಾರೆಯ ಸದ್ದು ಕೇಳಿದರೆ ಸಾಕು, ನನ್ನ ಎರಡು ಲಂಗ ಸುತ್ತಿ ಗಂಟು ಕಟ್ಟಿಕೊಂಡು ಗಾಡಿ ಹತ್ತಿ ಕುಳಿತುಬಿಡುತ್ತಿದ್ದೆ. ಅಪ್ಪನ ರಕ್ತ ನನ್ನಲ್ಲೇ ಹರಿದಿದೆ ಎಂದು ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು.

ನಾನು ಹುಟ್ಟಿದ್ದು ಸಿರುಗುಪ್ಪದ ಮನೆಯಲ್ಲಿ. ಹೊಳೆಯ ಮಣ್ಣು ಬೆಣ್ಣೆಯ ಹಾಗೆ ಬರುತ್ತಿತ್ತು. ಕುಟ್ಟಿ, ಸಾಣಿಸಿ, ತುಳಿದರೆ ಮುಗಿಯಿತು. ಕಾಲುವೆ ಗದ್ದೆಯ ಊರಾದ್ದರಿಂದ ರಾತ್ರಿ ಅನ್ನ ಇರುತ್ತಿತ್ತು. ಆವಿಗೆ ಹಾಕುವ ಜಾಗಕ್ಕಾಗಿ ಅಪ್ಪ ತನ್ನ ಅಣ್ಣನೊಡನೆ ಜಗಳವಾಡಿದ, ಕಲ್ಲು ಮೇಲೆದ್ದಿತು. ಬಳ್ಳಾರಿಗೆ ಬಂದೆವು. ಇಲ್ಲಿ ದಂಡಿನ ಪ್ರದೇಶದ ಬಂಗಲೆಗಳಿಗೆ ಹೂವಿನ ಕುಂಡ ಬೇಕಾಗಿದ್ದವು. ಒಬ್ಬ ಬಿಳಿ ದೊರೆಯ ಬಟ್ಲರ್ ಅರ್ಧ ತೆಲುಗು ಅರ್ಧ ಉರ್ದುವಿನಲ್ಲಿ ತಳಕ್ಕೆ ತೂತು ಇರಬೇಕು ಎಂದು ವಿವರಿಸಿದ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

"ತೂತಿನ ಗಡಿಗಿ ಮಾಡಾಕ ನಮ್ಮಪ್ಪ ನನಗ ತಿಗರಿ ಕೊಟ್ಟಿಲ್ಲ."

"ಬೆರಳು ಚುಚ್ಚಿದ್ರ ತೂತು ಆಗ್ತೈತಿ. ಅದಕ್ಯಾಕ ಇಷ್ಟು ಉರಕೊಳ್ತೀರಿ?" ಎಂದಳು ಅವ್ವ.

ಉರಿದುಕೊಂಡೇ ಮತ್ತೆ ಹಾರೆ ಹಿಡಿದ. ಆಗ ಅವ್ವ ಅಳಲಿಲ್ಲ, ಬೈಯಲಿಲ್ಲ. ಗೋಡೆಯ ಗೂಡಿನಲ್ಲಿದ್ದ ದೀಪವನ್ನು ಒರೆಸಿ ಬುಟ್ಟಿಗೆ ಹಾಕುತ್ತ, "ಮುಂದಿನ ಊರೇ ಕಡೀದು. ಅಲ್ಲಿಂದ ನಾ ಕದಲಂಗಿಲ್ಲ," ಎಂದಳು. ಅಪ್ಪ ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಎತ್ತಿನ ಕೊರಳಿಗೆ ನೊಗ ಕಟ್ಟುತ್ತಿದ್ದ.

ಮುಂದಿನ ಊರು ಕುರುಗೋಡು. ಅಲ್ಲಿಯ ಕುಂಬಾರ ಮಕ್ಕಳಿಲ್ಲದೆ ತೀರಿಹೋಗಿದ್ದ. ಊರಿಗೆ ಗಡಿಗೆ ಮಾಡುವವರು ಬೇಕಾಗಿತ್ತು. ಬಂಡೆಗಳ ಕೆಳಗೆ ಒಂದು ಮನೆ ತೋರಿಸಿದರು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಳಗೆ ಕಾಲಿಟ್ಟರೆ ಮಧ್ಯಾಹ್ನವೂ ತಂಪು. ಎಡಕ್ಕೆ ಒಲೆ, ಬಲಕ್ಕೆ ತಿಗರಿಯ ಜಾಗ, ನಡುವೆ ಗೋಡೆ ಇಲ್ಲ. ಅವ್ವ ರೊಟ್ಟಿ ಬಡಿಯುವ ಸದ್ದೂ ಅಪ್ಪ ಮಣ್ಣು ಬಡಿಯುವ ಸದ್ದೂ ಒಂದೇ ಕಡೆಯಿಂದ ಬರುತ್ತಿದ್ದವು, ರೊಟ್ಟಿಯಲ್ಲಿ ಮಣ್ಣೂ ಬರುತ್ತಿತ್ತು. ಅವ್ವ ಬಂದ ದಿನವೇ ಒಲೆಗೆ ಸಗಣಿ ಸಾರಿಸಿ, ದೀಪವನ್ನು ಗೂಡಿನಲ್ಲಿಟ್ಟು, ಬಾಗಿಲ ಪಕ್ಕ ಒಂದು ನುಗ್ಗೆಯ ಕೊಂಬೆ ನೆಟ್ಟಳು. ಗಿಡ ನೆಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಊರಿನವರ ಮಾತು ನೇರವಾಗಿತ್ತು. ಗೌಡರ ಮನೆಯಲ್ಲಿ ಮಗಳ ಮದುವೆ ಇದೆ. ಅದಕ್ಕೆ ಐರಾಣಿ ಗಡಿಗೆ ಮಾಡಿಕೊಡಲಿ. ಅವು ಹಸನಾಗಿ ನಿಂತರೆ ಈತನೇ ನಮ್ಮ ಊರ ಕುಂಬಾರ, ಪ್ರತಿ ಸುಗ್ಗಿಯಲ್ಲಿ ಕಣದಿಂದ ಕುಂಬಾರನ ಪಾಲಿನ ಜೋಳ ಈ ಮನೆಗೇ ಬರುತ್ತದೆ. ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ. ಅವ್ವ ಅಂದಿನಿಂದ ನುಗ್ಗೆ ಕೊಂಬೆಗೆ ದಿನಾ ಪಾತ್ರೆ ತೊಳೆದ ನೀರು ಹಾಕತೊಡಗಿದಳು. ನಾನು ದಿನಾ ಅದನ್ನು ಹಿಡಿದು ಅಲ್ಲಾಡಿಸಿ, ಬೇರು ಬಿಟ್ಟಿದೆಯೋ ಎಂದು ನೋಡಿ ಬೈಸಿಕೊಳ್ಳುತ್ತಿದ್ದೆ.

ಐರಾಣಿ ಎಂದರೆ ನಮ್ಮ ಕಡೆ ಮದುವೆಯ ಗಡಿಗೆ. ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ಎಲೆ ಬಳ್ಳಿ ಬರೆದಿರುತ್ತಾರೆ. ಮದುವೆ ಮನೆಯ ಹೆಂಗಸರು ಹಲಗೆ ವಾದ್ಯದೊಡನೆ ಕುಂಬಾರನ ಮನೆಗೆ ಬಂದು, ತಿಗರಿಗೆ ಅರಿಸಿನ ಕುಂಕುಮ ಹಚ್ಚಿ, ಅಕ್ಕಿ ಬೆಲ್ಲ ಕೊಟ್ಟು, ಗಡಿಗೆಗಳನ್ನು ತಲೆಯ ಮೇಲಿಟ್ಟುಕೊಂಡು ಹಂದರಕ್ಕೆ ಒಯ್ಯುತ್ತಾರೆ. ಅದಕ್ಕೊಂದು ಕಟ್ಟಳೆ ಇತ್ತು. ಬಳಿಯುವ ಸುಣ್ಣ ಕೆಮ್ಮಣ್ಣಿನ ತೇವ ಬಿಟ್ಟರೆ, ಬೆಂಕಿಯಿಂದ ಎದ್ದ ಐರಾಣಿಗೆ ಕುಂಬಾರನ ಮನೆಯಲ್ಲಿ ಹನಿ ನೀರು ಸೋಕಬಾರದು. ಮೊದಲ ನೀರು ಹಂದರದಲ್ಲೇ, ಮದುವೆ ಮನೆಯ ಮುತ್ತೈದೆಯರ ಕೈಯಿಂದಲೇ ಬೀಳಬೇಕು. ಗಡಿಗೆ ಎತ್ತುವ ಮುಂಚೆ ಮನೆಯ ಹಿರಿಯಳು ಅದನ್ನು ಬಾಯಿಬಿಟ್ಟು ಕೇಳುತ್ತಾಳೆ, ಕುಂಬಾರ ಬಾಯಿಬಿಟ್ಟು ಉತ್ತರಿಸುತ್ತಾನೆ.

ಅಪ್ಪ ಕುರುಗೋಡಿನ ಕೆರೆಯಿಂದ ಮಣ್ಣು ತಂದ. ಸಿರುಗುಪ್ಪದಲ್ಲಿ ಮಾಡಿದ ಹಾಗೆಯೇ ಕುಟ್ಟಿಸಿದ, ಸಾಣಿಸಿದ, ತುಳಿಸಿದ. ಆ ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಗೊಳಿಸಿ ತೆಗೆಯಬೇಕು ಎಂದು ಹೇಳುವವರು ಊರಲ್ಲಿ ಯಾರೂ ಉಳಿದಿರಲಿಲ್ಲ, ಕೇಳುವ ಗುಣ ಅಪ್ಪನಲ್ಲಿ ಇರಲಿಲ್ಲ. ಮೊದಲ ಆವಿಗೆಯ ಗಡಿಗೆಗಳು ಬೆರಳು ಮಡಚಿ ಬಡಿದರೆ ಗಂಟೆಯ ಹಾಗೆ ನುಡಿದವು. ಅಪ್ಪ ಮೀಸೆ ಸವರಿಕೊಂಡ. ಅಜ್ಜಿ ಐರಾಣಿಗೆ ಸುಣ್ಣ ಕಲಸಿದಳು. ಆಗಲೇ ಎರಡನೆಯ ಸರದಿಯ ಹಸಿ ಗಡಿಗೆಗಳೂ ನೆರಳಲ್ಲಿ ಒಣಗುತ್ತಿದ್ದವು.

ನಾಲ್ಕಾರು ದಿನ ಕಳೆದು ಒಂದು ಮಧ್ಯಾಹ್ನ ನಾವು ಉಣ್ಣುತ್ತ ಕುಳಿತಾಗ ಮೂಲೆಯಲ್ಲಿ ಟಪ್ ಎಂದಿತು. ನೋಡಿದರೆ ಒಂದು ಗಡಿಗೆಯ ಹೊಟ್ಟೆಯಿಂದ ಹುಣಸೆ ಬೀಜದಷ್ಟು ಚಕ್ಕೆ ಹಾರಿಹೋಗಿತ್ತು. ಅವ್ವ ಕೇಳಲಿಲ್ಲ, ವಿಚಾರಿಸಲಿಲ್ಲ, ನನ್ನ ಬೆನ್ನಿಗೆ ಒಂದು ಗುದ್ದಿದಳು. ಕಲ್ಲು ಎಸೆಯುವ ಹೆಸರು ನನಗೆ ಮೊದಲೇ ಇತ್ತು. ನನ್ನ ಕೈಯಲ್ಲಿ ರೊಟ್ಟಿ ಇದೆ ಎಂದು ನಾನು ಕಿರುಚುತ್ತಿರುವಾಗಲೇ ಇನ್ನೊಂದು ಟಪ್ ಎಂದಿತು. ಎಲ್ಲರ ಕಣ್ಣೆದುರಿಗೇ ಐರಾಣಿಯ ದೊಡ್ಡ ಗಡಿಗೆಯ ಮೈಯಿಂದ ಬಳ್ಳಿಯ ಒಂದು ಎಲೆ ಕಿತ್ತುಬಂತು. ತಪ್ಪಿಲ್ಲದೆ ಗುದ್ದು ತಿಂದದ್ದಕ್ಕೆ ನನಗೆ ಬೆಲ್ಲ ಸಿಗಬಹುದೆಂದು ಕಾದೆ. ಯಾರೂ ನನ್ನ ಕಡೆ ನೋಡಲಿಲ್ಲ.

"ಯಾರದೋ ಕಣ್ಣು ತಗಲೈತಿ," ಎಂದ ಅಪ್ಪ.

ಅಜ್ಜಿ ಎದ್ದು ಹೋಗಿ ಚಕ್ಕೆ ಹಾರಿದ ಗುಳಿಯನ್ನು ಇಣುಕಿದಳು. ನಡುವೆ ಸಾಸಿವೆಯಷ್ಟು ಬಿಳಿಯ ಚುಕ್ಕೆ. ಉಗುರಿನಿಂದ ಕೆರೆದು, ಅಂಗೈಯಲ್ಲಿ ಒದ್ದೆ ಅರಿಸಿನ ಇಟ್ಟುಕೊಂಡು, ಆ ಪುಡಿಯನ್ನು ಅದರಲ್ಲಿ ತಿಕ್ಕಿದಳು. ಅಂಗೈ ಕೆಂಪಗಾಯಿತು.

"ಆರತಿ ನೀರು ಯಾತರಿಂದ ಕೆಂಪಾಗ್ತೈತಿ ಹೇಳಲೇ? ಇದು ಕಣ್ಣಲ್ಲ, ಸುಣ್ಣ. ನಿನ್ನ ಕೆರಿಮಣ್ಣಿನ ತುಂಬ ಸುಣ್ಣದ ಹರಳು ಅದಾವ."

ಅಲ್ಲಿಂದ ಆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಬೆಂಕಿಯಲ್ಲಿ ಸುಟ್ಟ ಹರಳು ಗಾಳಿಯ ತೇವ ಕುಡಿದು ಕುಡಿದು ಒಳಗೇ ಉಬ್ಬಿ, ಗಡಿಗೆಯನ್ನು ಸಿಡಿಸುತ್ತಿತ್ತು. ಯಾವಾಗ, ಯಾವುದು ಎಂದು ಹೇಳುವಂತಿರಲಿಲ್ಲ. ಅಪ್ಪ ಒಳಗೂ ಹೊರಗೂ ತಿರುಗಿದ. ಊಟದ ನಡುವೆ ಟಪ್ ಎಂದರೆ ತುತ್ತು ಕೆಳಗಿಡುತ್ತಿದ್ದ. ಮದುವೆ ಹತ್ತಿರ ಬಂದಿತ್ತು, ಹೊಸ ಮಣ್ಣು ತಂದು, ತಿಳಿಗೊಳಿಸಿ, ಮಾಡಿ, ಒಣಗಿಸಿ ಸುಡುವಷ್ಟು ಹೊತ್ತು ಉಳಿದಿರಲಿಲ್ಲ. ಇದ್ದದ್ದು ಆ ಎರಡನೆಯ ಸರದಿಯ ಹಸಿ ಗಡಿಗೆಗಳು ಮಾತ್ರ, ಅವೂ ಅದೇ ಮಣ್ಣಿನವು. ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ ಹೇಳಿದಳು.

"ಗೋಡಿಗೆ ಬಳಿಯಾಕ ಸುಟ್ಟ ಸುಣ್ಣದ ಕಲ್ಲು ತರ್ತೀವಲ್ಲ, ಅದನ್ನ ಹಂಗ ಇಟ್ರ ಬಿರೀತೈತಿ. ನೀರಾಗ ಮುಳುಗಿಸಿದ್ರ ಒಮ್ಮೆಲೇ ಕುದ್ದು ಹಿಟ್ಟಾಗಿ ಸುಮ್ಮನಾಗ್ತೈತಿ. ಆವಿಗಿಯಿಂದ ತಗದ ಕೂಡ್ಲೇ ಗಡಿಗಿ ನೀರಾಗ ಮುಳುಗಿಸೂಣು."

"ಐರಾಣಿನ ನೀರಾಗ ಮುಳುಗಸ್ತೀಯೇನು? ನಮ್ಮಜ್ಜನ ಕಾಲದಿಂದ ನಡದು ಬಂದದ್ದೈತಿ."

"ನಿಮ್ಮಜ್ಜ ಹೊಳಿಮಣ್ಣಾಗ ಮಾಡ್ದ. ಈ ಕೆರಿ ನೋಡಿದ್ನೇನು?"

"ಹಂದರದಾಗ ಸಿಡಿದ್ರೂ ಓಡಸ್ತಾರ, ನೀರು ಸೋಕೈತಿ ಅಂತ ತಿಳಿದ್ರೂ ಓಡಸ್ತಾರ. ಅವರು ಓಡ್ಸೂಕಿಂತ ಮೊದ್ಲ ನಾವ ಹೋಗೂಣು. ಹಚ್ಚೊಳ್ಳ್ಯಾಗ ನಮ್ಮ ದೊಡ್ಡಪ್ಪನ ಮಗ ಅದಾನ."

"ಹಚ್ಚೊಳ್ಳಿಯಿಂದ ಎಲ್ಲಿಗೆ?"

 ಬೆಳಿಗ್ಗೆ ಎದ್ದವನೇ ಅಪ್ಪ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಅವಸರಕ್ಕೆ ತಿಗರಿಯನ್ನು ಎತ್ತಿ ಒರಗಿಸದೆ, ಅದರ ಒಂದು ಅಂಚಿಗೆ ಕಲ್ಲಿನ ಒತ್ತು ಕೊಟ್ಟು, ಕೆಳಗೆ ಹಾರೆ ಹಾಕಿ ಗೂಟದ ಕಲ್ಲಿನ ಸುತ್ತ ಅಗೆಯತೊಡಗಿದ. ಆ ಸದ್ದಿಗೆ ನನ್ನ ಎದೆ ಹಿಗ್ಗಿತು. ಲಂಗ ಸುತ್ತಿದೆ, ಗಂಟು ಕಟ್ಟಿದೆ, ಗಾಡಿ ಹತ್ತಿ ಕುಳಿತೆ. ಹಚ್ಚೊಳ್ಳಿಯ ದಾರಿಯಲ್ಲಿ ಹೊಳೆ ಸಿಗುತ್ತದೋ ಇಲ್ಲವೋ ಎಂಬುದಷ್ಟೇ ನನ್ನ ಯೋಚನೆ. ಕಲ್ಲು ಸಡಿಲವಾಗುತ್ತ ಬಂತು. ಇನ್ನು ತಿಗರಿಯನ್ನು ಎತ್ತಿ ಪಕ್ಕಕ್ಕಿಟ್ಟರೆ ಕಲ್ಲು ಕೈಗೆ ಬರುತ್ತಿತ್ತು. ಅಪ್ಪ ಸೊಂಟ ನೆಟ್ಟಗೆ ಮಾಡಿಕೊಂಡು, ಕೈಗೆ ಉಗುಳಿಕೊಂಡು ಬಗ್ಗಿದ.

ಅಷ್ಟರಲ್ಲಿ ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಸೀರೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ತಿಗರಿಯ ಮೇಲೆ ಕುಳಿತುಬಿಟ್ಟಳು.

ನಾನು ಗಾಡಿಯಿಂದಲೇ ನೋಡಿದೆ. ಅಜ್ಜಿಯ ಬಾಯಲ್ಲಿ ಎಲೆಅಡಿಕೆ ನಿಂತಿತು. ಅಪ್ಪನ ಕೈ ಗಾಳಿಯಲ್ಲೇ ಉಳಿಯಿತು. ಅವ್ವನನ್ನು ಮುಟ್ಟಿ ಎಬ್ಬಿಸಲೂ ಅವನಿಗೆ ಹೆದರಿಕೆ, ತಿಗರಿಯನ್ನು ಮುಟ್ಟಲೂ ಹೆದರಿಕೆ.

"ಏಳು. ಹೆಂಗಸು ತಿಗರಿ ಮುಟ್ಟಿದ್ರ ಮನಿ ಹಾಳಾಗ್ತೈತಿ."

"ಮನಿ ಎಲ್ಲೈತ್ರಿ ಹಾಳಾಗಾಕ? ಮೊದ್ಲು ಮನಿ ಅಂತ ಒಂದು ಆಗ್ಲಿ. ಆಮ್ಯಾಲ ಬೇಕಾದ್ರ ಹಾಳಾಗ್ಲಿ."

ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ತನಕ ಅವಳು ಏಳಲಿಲ್ಲ. ಅಪ್ಪ ಕೂಗಾಡಿದ, ಹೊರಗೆ ಹೋದ, ಎತ್ತಿಗೆ ಎರಡು ಬಿಗಿದ, ಮತ್ತೆ ಒಳಗೆ ಬಂದ. ಕೊನೆಗೆ ಗೋಡೆಗೆ ಒರಗಿ ಕುಳಿತು, "ಸುಡು ಹೋಗು. ಮುಳುಗ್ಸು. ಗೌಡಶಾನಿ ಕೇಳಿದ್ರ ನೀನ ಹೇಳು, ನಾ ಬಾಯಿ ಬಿಡಂಗಿಲ್ಲ," ಎಂದ. ಅವ್ವ ಎದ್ದಳು. ಅಪ್ಪ ಗುಂಡಿ ಮುಚ್ಚಲಿಲ್ಲ. ತಿಗರಿ ಒಂದು ಕಡೆ ವಾಲಿಕೊಂಡು, ಅದರ ಕೆಳಗೆ ತೆರೆದ ಗುಂಡಿ, ಬಾಗಿಲಲ್ಲಿ ಗಾಡಿ, ಗಾಡಿಯಲ್ಲಿ ನನ್ನ ಗಂಟು, ಎಲ್ಲ ಹಾಗೆಯೇ ಉಳಿದವು. ಮನೆಯೊಳಗೆ ನಡೆಯುವಾಗ ಆ ಗುಂಡಿಯನ್ನು ಸುತ್ತು ಹಾಕಿಕೊಂಡೇ ನಡೆಯಬೇಕಾಗಿತ್ತು.

ತಿಗರಿಗೆ ಕೈ ಹಚ್ಚಿದ್ದು ಎಷ್ಟೋ ಆಮೇಲೆ, ಆದರೆ ನನ್ನ ಕಲಿಕೆ ಶುರುವಾದದ್ದು ಎರಡನೆಯ ಆವಿಗೆ ತೆಗೆದ ದಿನ. ಅಂಗಳದ ಕಲ್ಲಿನ ತೊಟ್ಟಿಗೆ ನಾನೂ ಅವ್ವನೂ ನೀರು ತುಂಬಿದೆವು. ಮೊದಲ ಗಡಿಗೆಯನ್ನು ಕೆಂಡದ ಬಿಸಿಯಲ್ಲೇ ಮುಳುಗಿಸಿದಳು, ಅದು ಎರಡು ಹೋಳಾಯಿತು. ಎರಡನೆಯದೂ ಹೋಳಾಯಿತು. ಅಪ್ಪ ದೂರದಿಂದ ನೋಡಿ ಮುಖ ತಿರುಗಿಸಿದ. ಮೂರನೆಯದನ್ನು ಅವಳು ಕೆನ್ನೆಯ ಹತ್ತಿರ ಹಿಡಿದು, ಸ್ವಲ್ಪ ಕಾದು, ಮತ್ತೆ ಹಿಡಿದು, ನನ್ನ ಕೆನ್ನೆಗೂ ಹಿಡಿದಳು.

"ಇಷ್ಟು ಬಿಸಿ. ಇದಕ್ಕಿಂತ ಹೆಚ್ಚಿದ್ರ ಒಡೀತೈತಿ, ಕಡಿಮಿ ಆದ್ರ ಸುಣ್ಣ ಸಾಯಂಗಿಲ್ಲ. ಕೆನ್ನಿ ನೆನಪಿಟ್ಕೊಳ್ಳಲಿ."

ಮುಳುಗಿದ ಗಡಿಗೆ ಗುಳುಗುಳು ಎಂದು ಉಸಿರು ಬಿಟ್ಟಿತು. ಗುಳ್ಳೆ ನಿಂತ ಮೇಲೆ ಎತ್ತಿದೆವು. ತೊಟ್ಟಿಯ ನೀರು ಬರಬರುತ್ತ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಕುಳಿತಲ್ಲಿ ಕೂರದ ನಾನು ಅವತ್ತು ಸಂಜೆಯ ತನಕ ತೊಟ್ಟಿಯ ಬಳಿಯಿಂದ ಏಳಲಿಲ್ಲ. ನನ್ನ ಎಡಗೆನ್ನೆ ಈಗಲೂ ಬಿಸಿಯನ್ನು ಅಳೆಯುತ್ತದೆ. ಅಜ್ಜಿ ಒಣಗಿದ ಗಡಿಗೆಗಳಿಗೆ ಸುಣ್ಣ ಬಳಿಯುತ್ತ, "ಒಳಗಿನ ಸುಣ್ಣ ಸಾಯಿಸಿ ಹೊರಗ ಸುಣ್ಣ ಹಚ್ಚೂದು, ಎಂಥಾ ಹಣೇಬರಹ ನಮ್ದು," ಎಂದು ನಕ್ಕಳು. ನಕ್ಕವಳು ಅವಳೊಬ್ಬಳೇ. ಅವ್ವ ಒಲೆಯ ಮುಂದೆ ಕುಳಿತು ಗೌಡಶಾನಿಗೆ ಹೇಳಬೇಕಾದ ಮಾತನ್ನು ಪಿಸುಗುಟ್ಟಿಕೊಂಡು ರೂಢಿ ಮಾಡಿಕೊಳ್ಳುತ್ತಿದ್ದಳು.

ಐರಾಣಿ ಒಯ್ಯುವ ದಿನ ಹಲಗೆಯ ಸದ್ದು ಕೇಳಿ ಓಣಿಗೆ ಓಡಿದೆ. ಗೌಡಶಾನಿ, ಎಂದರೆ ಗೌಡರ ಹೆಂಡತಿ, ಮುಂದೆ ಬರುತ್ತಿದ್ದಳು. ದಪ್ಪ ಹೆಂಗಸು, ಕೈತುಂಬ ಬಳೆ, ಯಾರ ಮುಖಕ್ಕೂ ಹೆದರದ ಕಣ್ಣು. ಒಳಗೆ ಬಂದು, ಕುಂಕುಮದ ಬಟ್ಟಲು ಹಿಡಿದು ತಿಗರಿಯ ಕಡೆ ಬಗ್ಗಿದವಳು ಹಾಗೆಯೇ ನಿಂತಳು. ವಾಲಿದ ತಿಗರಿಯನ್ನು ನೋಡಿದಳು. ಗುಂಡಿಯನ್ನು ನೋಡಿದಳು. ತಿರುಗಿ ಬಾಗಿಲಲ್ಲಿದ್ದ ಗಾಡಿಯನ್ನು ನೋಡಿದಳು. ತಿಗರಿಗೆ ಕುಂಕುಮ ಹಚ್ಚಿ, ಕೇಳಬೇಕಾದ್ದನ್ನು ಕೇಳಿದಳು.

"ನೀರು ಕಾಣದ ಗಡಿಗಿ ಅದಾವೇನಪ್ಪಾ?"

ಅವ್ವ ಬಾಯಿ ತೆರೆದಳು. ಅಪ್ಪ ಕೈ ಅಡ್ಡ ಹಿಡಿದ.

"ನೀರು ಕಂಡಾವ್ರಿ ತಾಯಿ. ಈ ಮಣ್ಣಾಗ ಸುಣ್ಣದ ಹರಳೈತಿ. ನೀರಾಗ ಮುಳುಗ್ಸಿದ್ದಿಲ್ಲಂದ್ರ ನಿಮ್ಮ ಹಂದರದಾಗ ಸಿಡೀತಿದ್ವು. ಅದಕ್ಕ ಮುಳುಗ್ಸೀವಿ."

ಹಲಗೆ ನಿಂತಿತು. ಬಂದ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಹಿಂದಿನಿಂದ ಯಾರೋ ಅಪಶಕುನ ಎಂದರು. ಆಗ ಅಜ್ಜಿ ಮೂಲೆಯಿಂದ ಎದ್ದು, ಎಲೆಅಡಿಕೆಯನ್ನು ಹೊರಗೆ ಉಗುಳಿ ಬಂದಳು.

"ಅಲ್ರೀ ಗೌಡಶಾನಿ, ಕೂಸು ಹುಟ್ಟಿದ ಕೂಡ್ಲೇ ಬಿಸಿನೀರು ಎರೀತೀವಿ. ಎರೀದ ಒಣಾ ಕೂಸು ಯಾರಾರ ಎತ್ಕೊಳ್ತಾರೇನು? ಇವೂ ಬೆಂಕಿ ಹೊಟ್ಟಿಯಿಂದ ಈಗ ಹುಟ್ಟಿ ಬಂದಾವ. ಎರದು ಕೊಡಾಕತ್ತೀವಿ."

 ಗೌಡಶಾನಿ ಅಪ್ಪನ ಕಡೆಗೇ ತಿರುಗಿದಳು.

"ಗುಂಡಿ ಯಾಕ ತೋಡೀದಿ?"

"ಹೋಗಾಕಂತ ತೋಡಿದ್ದೆ."

"ಮತ್ತ?"

"ನೀವು ಗಡಿಗಿ ಒಯ್ದ್ರ ಮುಚ್ತೀನಿ."

ಅಪ್ಪ ಯಾರ ಮುಂದೆಯೂ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು, ಯಾಕೆಂದು ತಿಳಿಯಲಿಲ್ಲ. ಗೌಡಶಾನಿ ಬಗ್ಗಿ ದೊಡ್ಡ ಗಡಿಗೆಯನ್ನು ಬೆರಳಿನಿಂದ ಬಡಿದಳು, ಕಿವಿಗೊಟ್ಟು ಕೇಳಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಸಿಂಬೆ ಸುತ್ತಿ, "ಎರದ ಕೂಸನ್ನ ಬಾಣಂತಿ ಕೈಯಾಗಿಂದನ ಎತ್ಕೊಳ್ಳಬೇಕು. ಎತ್ತವ್ವಾ," ಎಂದು ಅವ್ವನನ್ನು ಕರೆದಳು. ಅವ್ವ ಗಡಿಗೆಯನ್ನು ಎತ್ತಿ ಅವಳ ತಲೆಯ ಮೇಲಿಟ್ಟಳು. ಹಲಗೆ ಮತ್ತೆ ಬಡಿಯತೊಡಗಿತು.

ಮದುವೆ ಮುಗಿಯುವ ತನಕ ಅಪ್ಪ ಊಟ ಸರಿಯಾಗಿ ಮಾಡಲಿಲ್ಲ. ಗೌಡರ ಮನೆಯ ಕಡೆಯಿಂದ ಬಂದ ಪ್ರತಿಯೊಂದು ಸದ್ದೂ ಅವನಿಗೆ ಗಡಿಗೆ ಸಿಡಿದ ಸದ್ದೇ. ಮಾಳಿಗೆ ಹತ್ತುತ್ತಿದ್ದ, ಇಳಿಯುತ್ತಿದ್ದ. ಎತ್ತುಗಳು ನೊಗದ ಪಕ್ಕದಲ್ಲೇ ನಿಂತಿದ್ದವು. ಹಂದರ ಬಿಚ್ಚಿದ ಮರುದಿನ ಗೌಡರ ಆಳು ಬಂದು, ಸುಗ್ಗಿಯಲ್ಲಿ ಕಣಕ್ಕೆ ಬರಬೇಕಂತೆ ಎಂದು ಹೇಳಿ ಹೋದ. ಅಪ್ಪ ಎತ್ತುಗಳನ್ನು ಬಿಚ್ಚಿ ಕೊಟ್ಟಿಗೆಗೆ ಹೊಡೆದ. ನನ್ನ ಗಂಟನ್ನು ಹುಡುಕಿದರೆ ಗಾಡಿಯಲ್ಲಿರಲಿಲ್ಲ. ಗಡಿಗೆ ಒರೆಸಲು ಅಜ್ಜಿ ಎಂದೋ ಅದನ್ನು ಬಿಚ್ಚಿಕೊಂಡಿದ್ದಳು, ನನ್ನ ಒಳ್ಳೆಯ ಲಂಗದ ತುಂಬ ಕೆಮ್ಮಣ್ಣು.

ಒಳಗೆ ಅಪ್ಪ ಗುಂಡಿಗೆ ಮಣ್ಣು ತುಂಬುತ್ತಿದ್ದ. ಒಂದು ಬದಿ ಬಡಿದರೆ ಕಲ್ಲು ಇನ್ನೊಂದು ಬದಿಗೆ ಏಳುತ್ತಿತ್ತು. ಎರಡು ಸಲ ತುಂಬಿ ಎರಡು ಸಲ ತೆಗೆದ. ಕಲ್ಲು ನೆಟ್ಟಗೆ ಕೂರಬೇಕಾದರೆ ಗೂಟದ ಮೇಲೆ, ನಟ್ಟನಡುವೆ ಭಾರ ಬೇಕಾಗಿತ್ತು. ತಿಗರಿಯನ್ನು ಗೂಟಕ್ಕೆ ಹೊಂದಿಸಿಟ್ಟು, ಬೆವರು ಒರೆಸಿಕೊಂಡು, ಒಲೆಯ ಕಡೆ ನೋಡದೆಯೇ ಹೇಳಿದ.

"ಬಾ. ಕುಂದ್ರು."

ಅವ್ವನ ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೇ ಉಳಿಯಿತು. ಬಂದಳು. ಈ ಸಲ ಅಪ್ಪನೇ ಕೈ ಹಿಡಿದು ತಿಗರಿಯ ನಡುವೆ ಕೂರಿಸಿದ. ಅವಳು ಮೊಣಕಾಲು ಅಪ್ಪಿಕೊಂಡು ಕುಳಿತಳು. ಅಪ್ಪ ಸುತ್ತಲೂ ಮಣ್ಣು ಹಾಕಿ, ನೀರು ಚಿಮುಕಿಸಿ, ಒನಕೆಯಿಂದ ಬಡಿದ. ರೊಟ್ಟಿ ಸೀಯುವ ವಾಸನೆ ಬಂದರೂ ಯಾರೂ ಏಳಲಿಲ್ಲ. ಬಡಿದು ಮುಗಿದ ಮೇಲೆ ಇಳಿ ಎಂದ. ಅವ್ವ ಇಳಿಯಲಿಲ್ಲ.

"ಕಲ್ಲು ನೆಟ್ಟಗ ಕುಂತೈತೋ ಇಲ್ಲೋ ತಿರುಗಿಸಿ ನೋಡಬೇಕಲ್ಲ."

ಅಪ್ಪ ಬಾಗಿಲ ಕಡೆ ನೋಡಿದ, ಓಣಿಯಲ್ಲಿ ಯಾರೂ ಇರಲಿಲ್ಲ. ತಿಗರಿಯ ಅಂಚಿಗೆ ಎರಡೂ ಕೈ ಹಚ್ಚಿ ಮೆಲ್ಲಗೆ ನೂಕಿದ. ಅವ್ವ ತಿರುಗಿದಳು. ಒಲೆ, ಗೂಡಿನ ದೀಪ, ಅಜ್ಜಿ, ಬಾಗಿಲಾಚೆ ಚಿಗುರಿದ ನುಗ್ಗೆ, ನಾನು, ಒಂದೊಂದನ್ನೇ ನೋಡುತ್ತ ಪೂರ್ತಿ ಒಂದು ಸುತ್ತು ಬಂದಳು. ಮತ್ತೆ ಅಪ್ಪನ ಮುಖದೆದುರಿಗೆ ಬಂದು ನಿಂತಾಗ, ತುಂಬ ದೂರ ಹೋಗಿ ಬಂದವಳ ಹಾಗೆ ಉಸಿರುಬಿಟ್ಟಳು.

"ಅಲ್ಲಾಡವಲ್ದು," ಎಂದಳು.